ಏಳನೇ ಸಲ ಹರಾಜಿಗೆ ಬಂದ ಅಂಗಿ

ಒಂದು ವಸ್ತು ಹರಾಜಿನ ಪಟ್ಟಿಗೆ ಎರಡನೇ ಸಲ ಬಂದರೆ ಮೇಘಶ್ರೀಗೆ ಆಶ್ಚರ್ಯವಾಗುತ್ತಿರಲಿಲ್ಲ. ಆಟಗಾರರ ಹಳೆಯ ಸಾಮಾನುಗಳನ್ನು ಹರಾಜು ಹಾಕುವ ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಬ್ಯಾಟು, ಬೂಟು, ಪದಕ, ಬೆವರಿನ ಕಲೆ ಹೋಗದ ಟೋಪಿ ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡಿ, ಇದು ಅಸಲಿ ಎಂದು ಪತ್ರಕ್ಕೆ ಸಹಿ ಹಾಕಬೇಕು. ಒಂಬತ್ತು ವರ್ಷದಲ್ಲಿ ಅವಳು ಎಲ್ಲ ಥರದವರನ್ನೂ ಕಂಡಿದ್ದಳು. ಜೋರಾಗಿ ಕೂಗಿ ಕೊಂಡವನು ಆಮೇಲೆ ದುಡ್ಡು ಕಟ್ಟದೆ ತಲೆ ತಪ್ಪಿಸಿಕೊಂಡರೆ ವಸ್ತು ಮತ್ತೆ ಪಟ್ಟಿಗೆ ಬರುತ್ತದೆ. ಇಷ್ಟು ಸಿಗದಿದ್ದರೆ ಕೊಡೆನೆಂದು ಮಾರುವವನು ಹಟ ಹಿಡಿದರೂ ಬರುತ್ತದೆ. "ಈ ನಾರುವ ಸಾಕ್ಸನ್ನು ಮನೆಯೊಳಗೆ ತಂದು ನೋಡಿ" ಎಂದು ಹೆಂಡತಿ ಗುಡುಗಿದ್ದಕ್ಕೆ ಒಂದು ಜೊತೆ ಕಾಲುಚೀಲ ಎರಡೇ ವಾರದಲ್ಲಿ ವಾಪಸ್ಸು ಬಂದಿತ್ತು. ಇನ್ನು, ಬೆಲೆ ಏರಿಸೋಣವೆಂದು ಬೇರೆ ಹೆಸರಲ್ಲಿ ಕೂಗಲು ಹೋಗಿ, ತನ್ನ ವಸ್ತುವನ್ನು ತಾನೇ ಕೊಂಡು ಬೆಪ್ಪಾದ ಮಹನೀಯರೂ ಇದ್ದರು.

ಆದರೆ ಆ ಕೆಂಪು ಅಂಗಿ ಯಾವ ಲೆಕ್ಕಕ್ಕೂ ಸಿಕ್ಕಲಿಲ್ಲ. ಮೂವತ್ತೈದು ವರ್ಷದ ಹಿಂದೆ ಹಾಸನ ಜಿಲ್ಲೆಯ ಹಳ್ಳಿ ಹುಡುಗಿಯರ ಕಬಡ್ಡಿ ತಂಡ ತೊಟ್ಟಿದ್ದ ಅಂಗಿ ಅದು. ಬೆನ್ನಿಗೆ ನಾಲ್ಕನೇ ನಂಬರು, ಎಡಭುಜದಲ್ಲಿ ಗೇಣುದ್ದದ ಹರಕು, ಆ ಹರಕಿಗೆ ಏಳು ಬಣ್ಣದ ದಾರದ ಹೊಲಿಗೆ. ತಂಡದ ಕೋಚು ತೀರಿಕೊಂಡ ಮೇಲೆ ಅವರ ಮಗ ಟ್ರಂಕು ಖಾಲಿ ಮಾಡುವಾಗ ಸಿಕ್ಕಿದ ಅಂಗಿಯನ್ನೂ ಏಳು ಹುಡುಗಿಯರ ಒಂದು ಫೋಟೋವನ್ನೂ ತಂದುಕೊಟ್ಟಿದ್ದ. ಫೋಟೋದ ಹಿಂದೆ ಹೆಸರುಗಳಿರಲಿಲ್ಲ. ಇಂಥದ್ದನ್ನು ಯಾರು ಕೊಳ್ಳುತ್ತಾರೆ ಎಂದು ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದರು. ಕೊಂಡರು. ಆರು ತಿಂಗಳಿಗೊಂದು ಹರಾಜು. ಪ್ರತಿ ಹರಾಜಿನಲ್ಲೂ ಆ ಅಂಗಿ ಬಂತು, ಪ್ರತಿ ಸಲವೂ ಮಾರಾಟವಾಯಿತು. ಕೊಂಡವರು ಅದೇ ದಿನ ಹಣ ಕಟ್ಟಿದರು. ಆರು ತಿಂಗಳಾಗುತ್ತಲೇ ನೀಟಾಗಿ ಮಡಚಿ ಮಾರಾಟಕ್ಕೆ ಕಳಿಸಿದರು. ಹನ್ನೆರಡು ಸಾವಿರದ ಒಂದು ರೂಪಾಯಿಯಿಂದ ಶುರುವಾದ ಬೆಲೆ ಸಲಕ್ಕೆ ಬರೀ ನೂರು ರೂಪಾಯಿಯಂತೆ ಏರಿತ್ತು. ಕೊನೆಯ ಆ ಒಂದು ರೂಪಾಯಿ ಮಾತ್ರ ಬೇಕೇಬೇಕೆಂದು ಅವರೆಲ್ಲ ಫೋನು ಮಾಡಿ ಜಗಳಕ್ಕೆ ನಿಂತಿದ್ದರು. ಅರಸೀಕೆರೆ, ಬೇಲೂರು ತಾಲ್ಲೂಕಿನಲ್ಲಿ ಆರು ವಿಳಾಸ, ಆರೂ ಹೆಂಗಸರ ಹೆಸರು.

ಏಳನೇ ಸಲ ಅಂಗಿ ಬಂದಾಗ ಸಂಸ್ಥೆಯ ಯಜಮಾನ ಶಿವಕುಮಾರ್ ಮೇಜು ಕುಟ್ಟಿದ.

"ನಾವೇ ಕೂಗಿ ನಾವೇ ಕೊಳ್ತೀವಿ ಅಂತ ಜನ ಆಡಿಕೊಳ್ತಿದ್ದಾರೆ ಕಣಮ್ಮಾ. ಇನ್ನೊಂದು ಕಡೆ ಪುಣೆಯ ಒಬ್ಬರು, ಆರು ಸಲ ಕೈ ಬದಲಾಗಿದೆ ಅಂದ್ರೆ ಅದರಲ್ಲಿ ಏನೋ ಇದೆ, ಈ ಸಲ ನಾನು ಬಿಡಲ್ಲ ಅಂತಿದ್ದಾರೆ. ಭಾನುವಾರ ಹರಾಜು. ಅಷ್ಟರೊಳಗೆ ಇದು ಯಾಕೆ ಹೀಗೆ ಸುತ್ತುತ್ತಿದೆ ಅಂತ ತಿಳ್ಕೊಂಡು ಬಾ. ತಿಳಿಯದಿದ್ರೆ ಅಂಗಿ ಪಟ್ಟಿಯಿಂದ ಹೊರಗೆ, ಇನ್ನೆಂದೂ ಒಳಗಿಲ್ಲ."

ಶುಕ್ರವಾರ ಬೆಳಿಗ್ಗೆ ಮೇಘಶ್ರೀ ಬಾಣಾವರದಲ್ಲಿ ರೈಲಿಳಿದಳು. ಈ ಸಲ ಅಂಗಿ ಕಳಿಸಿದ್ದ ವಿಶಾಲಮ್ಮನ ಬಟ್ಟೆ ಅಂಗಡಿ ಸ್ಟೇಷನ್ನಿನಿಂದ ಕೂಗಳತೆಯಲ್ಲಿತ್ತು. ಐವತ್ತು ದಾಟಿದ, ಹೆಗಲು ಅಗಲವಾದ ಹೆಂಗಸು ಗಿರಾಕಿಗೆ ಲಂಗದ ಬಟ್ಟೆ ಅಳೆದು ಹರಿದುಕೊಡುತ್ತಿದ್ದರು. ಮೇಘಶ್ರೀ ಎಲ್ಲಿಂದ ಬಂದವಳೆಂದು ತಿಳಿದದ್ದೇ ಅವರ ಮುಖ ಸಣ್ಣದಾಯಿತು.

"ಯಾಕವ್ವಾ, ಅಂಗಿ ಬಂದು ಸೇರ್ಲಿಲ್ವಾ?"

"ಸೇರಿತು ಅಮ್ಮ. ಒಂದು ವಿಷಯ ಕೇಳಬೇಕಿತ್ತು. ಆರು ತಿಂಗಳ ಹಿಂದೆ ಆಸೆಪಟ್ಟು ಕೊಂಡಿರಿ. ಈಗ ಮಾರ್ತಿದ್ದೀರಿ. ಇಷ್ಟವಾಗಲಿಲ್ವಾ?"

"ಇಷ್ಟ ಆಗ್ದೆ ಏನು! ದೇವ್ರ ಮನೇಲಿ ಇಟ್ಕೊಂಡಿದ್ದೆ. ದಿನಾ ಬೆಳಿಗ್ಗೆ ಮುಟ್ಟಿ ಕಣ್ಗೊತ್ಕೊಂಡೇ ಅಂಗ್ಡಿ ಬಾಗ್ಲು ತೆಗೀತಿದ್ದೆ."

"ಮತ್ತೆ ಯಾಕೆ ಕಳಿಸಿದ್ರಿ?"

ವಿಶಾಲಮ್ಮ ಕತ್ತರಿ ಕೆಳಗಿಟ್ಟು, ಓದಿದ ಹುಡುಗಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಮರುಕಪಡುತ್ತ ಅವಳನ್ನು ನೋಡಿದರು.

"ಹರಾಜಲ್ಲಿ ತಗೊಂಡಿದ್ದಲ್ವೇನವ್ವಾ? ಹರಾಜಲ್ಲಿ ತಗೊಂಡಿದ್ದು ಹರಾಜಿಗೇ ವಾಪಸ್ ಬರ್ಬೇಕು. ಗಣಪತಿ ಪೇಟ ಇಲ್ವಾ, ಹಂಗೆ!"

ಮೇಘಶ್ರೀ ಕಣ್ಣು ಕಣ್ಣು ಬಿಟ್ಟಳು. ವಿಶಾಲಮ್ಮ ಅವಳಿಗೆ ಸ್ಟೂಲು ಕೊಟ್ಟು, ಟೀ ತರಿಸಿ, ಒಂದನೇ ತರಗತಿಯ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ಅವರ ಹುಟ್ಟೂರಲ್ಲಿ ಗಣಪತಿಯನ್ನು ನೀರಿಗೆ ಬಿಡುವ ದಿನ ದೇವರ ತಲೆಯ ಜರಿಪೇಟವನ್ನು ಹರಾಜು ಕೂಗುತ್ತಾರೆ. ಗೆದ್ದವರು ವರ್ಷವಿಡೀ ಮನೆಯಲ್ಲಿಟ್ಟು ಪೂಜೆ ಮಾಡಿ, ಮುಂದಿನ ಚೌತಿಗೆ ತಂದೊಪ್ಪಿಸುತ್ತಾರೆ. ಅದನ್ನೇ ಮತ್ತೆ ಕೂಗುತ್ತಾರೆ. ಮದುವೆಯೋ ಗೃಹಪ್ರವೇಶವೋ ಇರುವ ಮನೆಯವರು ಬಾಯಿ ತೆರೆದರೆ ಉಳಿದವರು ಶಾಸ್ತ್ರಕ್ಕೆ ಎರಡು ಸಲ ಕೂಗಿ ಸುಮ್ಮನಾಗುತ್ತಾರೆ. ಮೊತ್ತದ ಕೊನೆಗೆ ಒಂದು ರೂಪಾಯಿ ಇರಲೇಬೇಕು. ಪೇಟವನ್ನು ತನ್ನದೇ ಎಂದು ಬೀರುವಿನಲ್ಲಿ ಇಟ್ಟುಕೊಂಡವನು ಇದುವರೆಗೆ ಆ ಊರಲ್ಲಿ ಹುಟ್ಟಿಲ್ಲ.

"ಆದ್ರೆ ನಿಮ್ಮ ಆಫೀಸ್ನೋರು ಭಾಳ ಒಳ್ಳೆ ಜನ ಬುಡಿ. ಪೇಟದ ದುಡ್ಡು ಯಾವತ್ತೂ ವಾಪಸ್ ಬರಲ್ಲ. ನೀವು ನೋಡಿದ್ರೆ ಖರ್ಚಿಗೆ ಒಂಚೂರು ಮುರ್ಕೊಂಡು ಮಿಕ್ಕಿದ್ದೆಲ್ಲ ನಮ್ಮ ಖಾತೆಗೇ ಹಾಕ್ತೀರಿ. ಎಲ್ಲರ್ಗಿಂತ ಮೊದ್ಲು ತಗೊಂಡಿದ್ದ ಅನುಸೂಯಂಗೆ ದುಡ್ಡು ವಾಪಸ್ ಬಂದಾಗ, ಎಲ್ಲೋ ತಪ್ಪಾಗೈತೆ ಅಂತ ಹೆದರ್ಕೊಂಡು ಎಂಟು ದಿನ ನಿದ್ದೆ ಮಾಡ್ಲಿಲ್ಲ."

ಮೇಘಶ್ರೀಗೆ ನಗು ಒತ್ತರಿಸಿ ಬಂತು. ಟೀ ನೆತ್ತಿಗೇರಿತು. ಕೆಮ್ಮುತ್ತ ತಲೆಯೆತ್ತಿದವಳು ಗೋಡೆಯ ಮೇಲಿನ ಫೋಟೋ ನೋಡಿ ಎದ್ದು ನಿಂತಳು. ಅದೇ ಫೋಟೋ. ಆಫೀಸಿನ ಕಡತದಲ್ಲಿದ್ದ ಏಳು ಹುಡುಗಿಯರು, ಎರಡು ಜಡೆ, ಕೆಂಪು ಅಂಗಿ.

"ಇದು ನಾನು," ವಿಶಾಲಮ್ಮ ಬೆರಳಿಟ್ಟು ತೋರಿಸಿದರು. "ಇವ್ಳು ಬಿಕ್ಕೋಡು ಅನುಸೂಯ. ಇವ್ಳು ಹಾರನಹಳ್ಳಿ ಕೆಂಪಲಕ್ಷ್ಮಿ, ನಮ್ಮ ಕ್ಯಾಪ್ಟನ್ನು..."

ಅವರು ಹೇಳುತ್ತ ಹೋದ ಹಾಗೆ ಆರು ಖರೀದಿದಾರರೂ ಒಬ್ಬೊಬ್ಬರಾಗಿ ಆ ಫೋಟೋದೊಳಗೆ ಸಿಕ್ಕಿದರು. ಬೆರಳು ಕೊನೆಯವಳ ಮೇಲೆ ಬಂದು ನಿಂತಿತು. ಎಲ್ಲರಿಗಿಂತ ಕುಳ್ಳಿ, ಎಲ್ಲರಿಗಿಂತ ಸಿಟ್ಟಿನ ಕಣ್ಣು, ಎಡಭುಜದಲ್ಲಿ ಅಂಗಿ ಹರಿದು ಜೋತುಬಿದ್ದಿತ್ತು.

"ಇವ್ಳೇ ದೇವೀರಿ. ಹಳೇಬೀಡಲ್ಲೇ ಅವ್ಳೆ. ಅಂಗಿ ಇವ್ಳ್ದೇ. ದಾವಣಗೆರೇಲಿ ಫೈನಲ್ಲು. ಅಂಕ ಸಮ ಸಮ ಆಗಿತ್ತು, ಒಂದೇ ರೈಡು ಬಾಕಿ. ಇವ್ಳು ಒಬ್ಳನ್ನ ಮುಟ್ಟಿ ವಾಪಸ್ ಓಡಿ ಬರ್ವಾಗ ಅವ್ರು ಅಂಗಿ ಹಿಡ್ದು ಎಳೆದ್ರು. ಅಂಗಿ ಹಿಡಿಯೋದು ಫೌಲು, ಅಂಪೈರ್ ಆ ಕಡೆ ತಿರುಗಿದ್ದ. ಪರ್ ಅಂತ ಹರೀತು. ಇವ್ಳು ಉಸ್ರು ಬಿಡ್ಲಿಲ್ಲ. ತೆವಳ್ಕೊಂಡೇ ಬಂದು ಗೆರೆ ಮುಟ್ಟಿದ್ಲು. ರೈಲಲ್ಲಿ ವಾಪಸ್ ಬರ್ವಾಗ ಏಳೂ ಜನ ನಮ್ಮ ನಮ್ಮ ಲಂಗದ ಅಂಚಿಂದ ದಾರ ಕಿತ್ಕೊಂಡು ಹೊಲಿದ್ವಿ. ಸ್ಟೇಷನ್ನಲ್ಲಿ ಕೋಚ್ ಸಾಹೇಬ್ರು, ಅಂಗಿ ಸರ್ಕಾರದ್ದು ಕಣ್ರಮ್ಮಾ ಅಂತ ಎಲ್ಲಾ ಕಟ್ಕೊಂಡು ಹೋದ್ರು. ಆಮೇಲೆ ಅದನ್ನ ನೋಡಿದ್ದು ಅನುಸೂಯನ ಮಗಳ ಫೋನಲ್ಲೇ, ಮೂವತ್ತು ವರ್ಷದ ಮೇಲೆ."

"ಮತ್ತೆ ಅವರೇ ಕೊನೆ ಯಾಕೆ? ಮೊದಲು ಅವರಿಗಲ್ವಾ ಸಿಗಬೇಕಾದ್ದು?"

"ನಾವೂ ಅಂದ್ವಿ. ಕೇಳ್ಬೇಕಲ್ಲ! ನಾನು ಮೈಮೇಲೆ ಹಾಕ್ಕೊಂಡು ಆಡಿದ್ದೀನಿ, ನಂಗೇನಾತ್ರ, ಮೊದ್ಲು ನೀವು ಆರು ಜನ ಇಟ್ಕೊಳ್ಳಿ ಅಂದ್ಲು. ಮೂರು ವರ್ಷದಿಂದ ಕಾಯ್ತಾವ್ಳೆ. ಈ ಸಲ ಅವ್ಳ ಸರದಿ."

ಮೇಘಶ್ರೀ ಟೀ ಲೋಟ ಕೆಳಗಿಟ್ಟಳು. ಪುಣೆಯವರ ವಿಷಯ ಇವರಿಗೆ ಗೊತ್ತಿಲ್ಲ. ಹೊರಗಿನವನೊಬ್ಬ ನಿಜವಾಗಿ ಕೂಗಬಹುದು, ಗೆದ್ದು ಕಪಾಟಿನ ಗಾಜಿನ ಹಿಂದೆ ಇಟ್ಟು ಎಂದೆಂದಿಗೂ ಕೊಡದಿರಬಹುದು ಎಂಬ ಯೋಚನೆಯೇ ಇವರ ತಲೆಗೆ ಬಂದಿಲ್ಲ. ಆರು ಸಲ ಇವರಲ್ಲೇ ಸುತ್ತಿದ್ದಕ್ಕೇ ಅಂಗಿಗೆ ಹೆಸರು ಬಂದು, ಆ ಹೆಸರಿಗೇ ಪುಣೆಯವರು ಬಂದಿದ್ದಾರೆ. ಒಂಬತ್ತು ವರ್ಷ ಕಲಿತ ವಿದ್ಯೆಯಲ್ಲಿ ಇದಕ್ಕೆ ಮದ್ದಿರಲಿಲ್ಲ. ಅವಳು ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿಗೆ ಹೊರಟಳು.

ದೇವೀರಮ್ಮನಿಗೆ ದೇವಸ್ಥಾನದ ಮುಂದಿನ ಹುಲ್ಲುಹಾಸು ನೋಡಿಕೊಳ್ಳುವ ಕೆಲಸ. ಲೋಕದ ಜನವೆಲ್ಲ ಕತ್ತೆತ್ತಿ ಗೋಡೆಯ ಶಿಲ್ಪ ನೋಡುತ್ತಿದ್ದರೆ, ಅವರು ಕೈಯಲ್ಲಿ ನೀರಿನ ಪೈಪು ಹಿಡಿದು, ಯಾವ ಪುಣ್ಯಾತ್ಮ ಹುಲ್ಲು ತುಳಿಯುತ್ತಾನೋ ಎಂದು ಕಾಲುಗಳನ್ನೇ ನೋಡುತ್ತ ನಿಂತಿದ್ದರು. ಕುಳ್ಳು ಹಾಗೇ ಇತ್ತು. ಕಣ್ಣೂ ಹಾಗೇ ಇತ್ತು.

ಮೇಘಶ್ರೀ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಪುಣೆಯವರು ಶ್ರೀಮಂತರು, ಬೇಕೆಂದದ್ದನ್ನು ಬಿಟ್ಟವರಲ್ಲ, ಕೊಂಡದ್ದನ್ನು ಮಾರಿದವರೂ ಅಲ್ಲ ಎಂದಳು. ಕೊನೆಗೆ, ಕೆಲಸ ಹೋದರೂ ಹೋಗಲಿ ಎಂದುಕೊಂಡು, ಹೇಳಬಾರದ್ದನ್ನೂ ಹೇಳಿಬಿಟ್ಟಳು.

"ಅಮ್ಮಾ, ಹರಾಜು ಶುರುವಾಗೋ ತನಕ ವಿಶಾಲಮ್ಮ ಅಂಗಿ ವಾಪಸ್ ತಗೋಬಹುದು. ಒಂದು ಫೋನ್ ಮಾಡಿದರೆ ಸಾಕು. ತಗೊಂಡು ನಿಮ್ಮ ಕೈಗೆ ಕೊಡ್ತಾರೆ. ಯಾರೂ ಕೇಳೋ ಹಾಗಿಲ್ಲ."

ದೇವೀರಮ್ಮ ನಲ್ಲಿ ನಿಲ್ಲಿಸಿ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಅವ್ರು ನಿಜ್ವಾಗ್ಲೂ ಕೂಗ್ತಾರಾ? ಶಾಸ್ತ್ರಕ್ಕಲ್ಲ ತಾನೆ?"

"ನಿಜವಾಗಲೂ ಕೂಗ್ತಾರೆ."

"ಸೋಲ್ಸೋಕಂತ್ಲೇ?"

"ಹೌದಮ್ಮ."

ಆ ಮುಖದಲ್ಲಿ ಹೆದರಿಕೆ ಬರುತ್ತದೆಂದು ಮೇಘಶ್ರೀ ಕಾದಳು. ಬರಲಿಲ್ಲ. ಬಂದದ್ದು ನಗು. ಕೆನ್ನೆ, ಹಣೆ, ಕುತ್ತಿಗೆ ಎಲ್ಲ ರಂಗೇರಿ, ಐವತ್ಮೂರರ ಹೆಂಗಸು ಕಣ್ಣೆದುರಿಗೇ ಹದಿನೆಂಟರ ಹುಡುಗಿಯಾಗಿಬಿಟ್ಟರು.

"ಆರು ಸಲಾನೂ ಎದುರ್ಗೆ ಯಾರೂ ಇರ್ಲಿಲ್ಲ ಕಣವ್ವಾ. ನಮ್ಮ ನಮ್ಮಲ್ಲೇ ಆಯ್ತು. ಅದು ಗೆದ್ದಂಗಾ? ಮನೇಲಿ ಅಡಿಗೆ ಮಾಡಿ ಮನೆಯವ್ರೇ ಉಂಡಂಗೆ. ನಾನು ಅಂಕಣಕ್ಕಿಳ್ದು ಮೂವತ್ತೈದು ವರ್ಷ ಆಯ್ತು. ಈಗ ನನ್ನ ಸರದಿಗೆ ಒಬ್ಬ ಎದುರಾಳಿ ಬಂದವ್ನೆ. ವಾಪಸ್ ತಗೋ ಅಂತೀಯಲ್ಲ, ಬುಟ್ಟು ಓಡ್ಲಾ?"

ಮೇಘಶ್ರೀಯ ಹಿಂದೆ ಸುಮಾರು ಒಂಬೈನೂರು ವರ್ಷದ ದೇವಸ್ಥಾನವಿತ್ತು. ಅದನ್ನು ನೋಡಲು ಬಂದವರ ಬಾಯಿಂದ ಆಹಾ ಓಹೋ ಕೇಳಿಸುತ್ತಿತ್ತು. ಅವಳು ಮಾತ್ರ ಅದಕ್ಕೆ ಬೆನ್ನು ಹಾಕಿ ಹುಲ್ಲಿಗೆ ನೀರು ಹಾಕುವ ಈ ಹೆಂಗಸನ್ನು ನೋಡುತ್ತ ನಿಂತಿದ್ದಳು. ಇಂಥವರೂ ಇದ್ದಾರಲ್ಲ ಎನಿಸಿತು.

ಫೋನಿನಲ್ಲಿ ಕಾರಣ ಕೇಳಿದ ಶಿವಕುಮಾರ್ ಮೊದಲು ಗಹಗಹಿಸಿ ನಕ್ಕ. ಆಮೇಲೆ ದನಿ ತಗ್ಗಿಸಿದ. "ಮಾರಿದ್ದು ವಾಪಸ್ ಬಂದರೆ ನಾನು ಮೊದಲು ಮೋಸಗಾರರನ್ನೇ ಹುಡುಕೋದು ಕಣಮ್ಮಾ. ಅದೇ ಅಭ್ಯಾಸ ಆಗಿಹೋಗಿದೆ," ಎಂದ. ಭಾನುವಾರದವರೆಗೆ ಅಲ್ಲೇ ಇದ್ದು, ಆ ತಾಯಿ ತಾನೇ ಕೂಗುವುದನ್ನು ನೋಡಿ ಬಾ ಎಂದೂ ಹೇಳಿದ.

ಭಾನುವಾರ ಹತ್ತು ಗಂಟೆಗೇ ಆರು ಜನರೂ ಬಂದಿಳಿದರು. ಬಸ್ಸಿನಲ್ಲಿ ಇಬ್ಬರು, ಟೆಂಪೋದಲ್ಲಿ ಮೂವರು. ಅನುಸೂಯಮ್ಮ ಬಿಕ್ಕೋಡಿನಿಂದ ಎಸ್ಟೇಟಿನ ಜೀಪು ಹತ್ತಿ ಬಂದಿದ್ದರು. ದೇವೀರಮ್ಮನ ಮನೆಯ ನಡುಮನೆಯಲ್ಲಿ ಚಾಪೆ ಹಾಸಿತ್ತು. ಮಗಳು ಕೋಮಲ ಫೋನನ್ನು ಡಬ್ಬಕ್ಕೆ ಆನಿಸಿ ನಿಲ್ಲಿಸಿದ್ದಳು. ಕೊನೆಯ ಕೂಗು ಬಿದ್ದ ಮೇಲೆ ಪರದೆಯಲ್ಲಿ ಮೂವತ್ತು ಸೆಕೆಂಡಿನ ಗಡಿಯಾರ ಓಡುತ್ತದೆ, ಅಷ್ಟರೊಳಗೆ ಯಾರೂ ಏರಿಸದಿದ್ದರೆ ವಸ್ತು ನಿಮ್ಮದು, ಏರಿಸಿದರೆ ಗಡಿಯಾರ ಮತ್ತೆ ಮೊದಲಿಂದ ಎಂದು ಮೇಘಶ್ರೀ ವಿವರಿಸಿದಳು.

"ಮೂವತ್ತು ಸೆಕೆಂಡಾ?" ಕ್ಯಾಪ್ಟನ್ ಕೆಂಪಲಕ್ಷ್ಮಮ್ಮ ತೊಡೆ ತಟ್ಟಿದರು. "ಈಗಿನ ರೈಡೂ ಅಷ್ಟೇ ಕಣೇ ದೇವೀರಿ, ಟೀವೀಲಿ ನೋಡಿಲ್ವಾ!"

ಹನ್ನೊಂದೂಕಾಲಿಗೆ ಅಂಗಿ ಪರದೆಯ ಮೇಲೆ ಬಂತು. ದೇವೀರಮ್ಮ ಹನ್ನೆರಡು ಸಾವಿರದ ಆರುನೂರ ಒಂದು ಎಂದರು, ಕೋಮಲ ಒತ್ತಿದಳು. ಗಡಿಯಾರ ಓಡತೊಡಗಿತು. ಆಗ ಮೇಘಶ್ರೀ ಆ ಸಣ್ಣ ದನಿಯನ್ನು ಕೇಳಿದಳು. ದೇವೀರಮ್ಮ ಮೊಣಕಾಲ ಮೇಲೆ ಕೈಯೂರಿ, ಮುಂದೆ ಬಾಗಿ, ತುಟಿಯಲ್ಲೇ ಹೇಳುತ್ತಿದ್ದರು: ಕಬಡ್ಡಿ ಕಬಡ್ಡಿ ಕಬಡ್ಡಿ ಕಬಡ್ಡಿ. ಒಂದೇ ಉಸಿರು. ಹತ್ತು ಸೆಕೆಂಡು ಉಳಿದಾಗ ಪುಣೆಯವರು ಏರಿಸಿದರು. ದೇವೀರಮ್ಮ ಉಸಿರೆಳೆದುಕೊಂಡು ಮತ್ತೆ ಏರಿಸಿದರು, ಮತ್ತೆ ಶುರುವಿಟ್ಟರು. ಕೂಗು ಹದಿನೈದು ಸಾವಿರ ದಾಟಿತು, ಇಪ್ಪತ್ತು ದಾಟಿತು. ಪ್ರತಿ ಸಲವೂ ಆ ದನಿ ಗಡಿಯಾರದ ಕೊನೆಯವರೆಗೆ ತುಂಡಾಗದೆ ಹೋಗುತ್ತಿತ್ತು. ಆರು ಜನ ಗೆಳತಿಯರು ಅಂಕಣದ ಅಂಚಿನಲ್ಲಿ ಕೂರುವ ಹಾಗೆ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಯಾರ ಕಣ್ಣೂ ಮಿಟುಕಲಿಲ್ಲ. ಮೇಘಶ್ರೀ ಸಾವಿರಾರು ವಸ್ತುಗಳು ಹರಾಜಾಗುವುದನ್ನು ನೋಡಿದ್ದಳು. ಹರಾಜೆಂದರೆ ಹೀಗೂ ಇರಬಹುದೆಂದು ಅವಳಿಗೆ ಅಂದೇ ತಿಳಿದದ್ದು. ತಾನೂ ಉಸಿರು ಕಟ್ಟಿದ್ದೇನೆಂದು ಅರಿವಾದದ್ದು ಎದೆ ನೋಯತೊಡಗಿದ ಮೇಲೆ.

"ಮೂವತ್ತು ಸಾವಿರದ ಒಂದು," ಎಂದರು ದೇವೀರಮ್ಮ. ಅವರು ತೆಗೆದಿಟ್ಟಿದ್ದದ್ದು ಅಷ್ಟೇ. ಎಲ್ಲರಿಗೂ ಗೊತ್ತಿತ್ತು.

ಎರಡು ಸೆಕೆಂಡು ಉಳಿದಿದ್ದಾಗ ಪುಣೆಯವರು ಐನೂರು ಏರಿಸಿದರು.

ಆರು ಕೈಗಳು ಒಟ್ಟಿಗೆ ಸೊಂಟದ ಚೀಲಕ್ಕೆ, ಕುಪ್ಪಸಕ್ಕೆ, ಪರ್ಸಿಗೆ ಹೋದವು. "ಕೂಗೇ, ನಾವಿದ್ದೀವಿ," ಎಂದರು ವಿಶಾಲಮ್ಮ. ಅನುಸೂಯಮ್ಮ ನೋಟಿನ ಸುರುಳಿಯನ್ನು ದೇವೀರಮ್ಮನ ಮಡಿಲಿಗೇ ಎಸೆದರು. ದೇವೀರಮ್ಮ ಅದನ್ನೆತ್ತಿ ವಾಪಸ್ಸು ಕೊಟ್ಟರು.

"ರೈಡಿಗೆ ಒಬ್ಳೇ ಅಲ್ವೇನೇ ಹೋಗೋದು," ಎಂದಷ್ಟೇ ಹೇಳಿ ಕೈ ಕಟ್ಟಿ ಕೂತರು.

ಗಡಿಯಾರ ಸೊನ್ನೆಗೆ ಬಂತು. ದೇವೀರಮ್ಮ ದೀರ್ಘವಾಗಿ ಉಸಿರು ಬಿಟ್ಟು, ಎದ್ದು ಸೀರೆ ಕೊಡವಿಕೊಂಡು, ಮೇಘಶ್ರೀಯ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು, ದನಿ ಗಟ್ಟಿಯಾಗಿತ್ತು.

"ಚೆನ್ನಾಗಿ ಆಡಿದ್ರು. ಆಟ ಮುಗುದ್ಮೇಲೆ ಕೈ ಕುಲುಕ್ಬೇಕು. ಇವ್ರಿಗೆ ಹೆಂಗವ್ವಾ ಕುಲ್ಕೋದು?"

ಮೇಘಶ್ರೀ ಏನೂ ತೋಚದೆ ತನ್ನ ಕೈಯನ್ನೇ ಮುಂದೆ ಚಾಚಿದಳು. ದೇವೀರಮ್ಮ ಎರಡೂ ಕೈಯಿಂದ ಅದನ್ನು ಹಿಡಿದು ಗಟ್ಟಿಯಾಗಿ ಕುಲುಕಿದರು. ಅಂಗೈ ಒರಟಾಗಿತ್ತು. ಮೇಘಶ್ರೀಗೆ ಅಲ್ಲೇ ಅಳು ಬಂತು; ಸೋತವರೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಬೆಂಗಳೂರಿಗೆ ಮರಳಿದವಳು ಅಂಗಿಯ ಜೊತೆ ಕಳಿಸುವ ಪತ್ರವನ್ನು ಹೊಸದಾಗಿ ಬರೆದಳು. ಈ ವಸ್ತು ಏಳು ಸಲ ಪಟ್ಟಿಗೆ ಬಂದದ್ದು ಯಾಕೆ ಎಂಬುದನ್ನು ಏಳೂ ಜನರ ಹೆಸರಿನೊಂದಿಗೆ, ಗಣಪತಿಯ ಪೇಟದಿಂದ ಹಿಡಿದು ಆ ಕೈಕುಲುಕಿನವರೆಗೆ ಬರೆದು ಸಹಿ ಹಾಕಿದಳು. ಹತ್ತು ದಿನದ ಮೇಲೆ ಪುಣೆಯಿಂದ ಫೋನು ಬಂತು. ವಯಸ್ಸಾದ ದನಿ. ಪತ್ರವನ್ನು ನಾಲ್ಕು ಸಲ ಓದಿಸಿಕೊಂಡೆ ಎಂದರು. ಅಂಗಿಯನ್ನು ಆ ತಾಯಿಗೆ ಕಳಿಸಿಬಿಡುತ್ತೇನೆ, ಒಂದು ಪೈಸೆಯೂ ಬೇಡ, ವಿಳಾಸ ಕೊಡಿ ಎಂದರು. ಮೇಘಶ್ರೀ ಕುರ್ಚಿಯಿಂದ ಎದ್ದೇಬಿಟ್ಟಳು. ಕೂಡಲೇ ಹಳೇಬೀಡಿಗೆ ಫೋನು ಹಚ್ಚಿದಳು.

ದೇವೀರಮ್ಮ ಪೂರ್ತಿ ಕೇಳಿಸಿಕೊಂಡರು. ಹಿಂದುಗಡೆ ಹುಲ್ಲಿಗೆ ಬೀಳುವ ನೀರಿನ ಸದ್ದಿತ್ತು.

"ಒಳ್ಳೆ ಮನುಷ್ಯ. ನನ್ನ ನಮಸ್ಕಾರ ಹೇಳವ್ವಾ. ಆದ್ರೆ ಬ್ಯಾಡ ಅನ್ನು."

"ಅಮ್ಮಾ, ಅವರು ಮನಸಾರೆ ಕೊಡ್ತಿದ್ದಾರೆ. ನಿಮ್ಮದೇ ಅಂಗಿ!"

"ನಾನು ಸೋತಿದ್ದೀನಿ ಕಣವ್ವಾ. ಮೂವತ್ತೈದು ವರ್ಷ ಆದ್ಮೇಲೆ ಒಂದು ಆಟ ಆಡಿ ಸೋತಿದ್ದೀನಿ. ಅದು ನಂದು. ಅದನ್ನೂ ಕಿತ್ಕೋಬ್ಯಾಡಿ."

ಮೇಘಶ್ರೀ ಕಿವಿಗೆ ಫೋನು ಒತ್ತಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತಳು.

"ಇಟ್ಕೊಳ್ಳಿ, ಆರು ತಿಂಗ್ಳು ಆಸೆ ತೀರ ಇಟ್ಕೊಳ್ಳಿ," ಎಂದರು ದೇವೀರಮ್ಮ. "ಆಮೇಲೆ ಹರಾಜಿಗೆ ತಂದಿಡೋಕೆ ಹೇಳು. ನಾನು ಬತ್ತೀನಿ. ಅವ್ರೂ ಬರ್ಲಿ."

ಅವಳು ಅದನ್ನು ಒಂದಕ್ಷರ ಬದಲಿಸದೆ ಪುಣೆಗೆ ತಲುಪಿಸಿದಳು. ಆ ಮುದುಕರು, ಮುಂದಿನ ಹರಾಜು ಯಾವಾಗ ಎಂದು ಕೇಳಿದರು. ಮೇಘಶ್ರೀ ತಾರೀಖು ಹೇಳಿದಳು.